ದಿನಕ್ಕೊಂದೇ ಪ್ರಶ್ನೆ

ನಮ್ಮ ಹಳೇ ಕಾರಿನ ಕಾಯಿಲೆ ಬೆಳಿಗ್ಗೆ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಗಾಡಿಗೆ ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತಿತ್ತು. ತಿರುಗುತ್ತಿತ್ತು, ತಿರುಗುತ್ತಿತ್ತು, ಅಷ್ಟೇ. ಹೊತ್ತಿಕೊಳ್ಳುತ್ತಿರಲಿಲ್ಲ. ಹದಿನೈದು ಇಪ್ಪತ್ತು ನಿಮಿಷ ಒದ್ದಾಡಿ ಹೇಗೋ ಒಮ್ಮೆ ಸ್ಟಾರ್ಟ್ ಮಾಡಿಬಿಟ್ಟರೆ ಸಂಜೆಯ ತನಕ ಅದರಷ್ಟು ಒಳ್ಳೆ ಗಾಡಿ ಇನ್ನೊಂದಿಲ್ಲ. ಕೀ ಮುಟ್ಟಿದರೆ ಸಾಕು, ಹೊರಡಲು ರೆಡಿ.

ಇಂಥ ಕಾಯಿಲೆಯ ದೊಡ್ಡ ತೊಂದರೆ ಏನು ಗೊತ್ತಾ? ಮೆಕ್ಯಾನಿಕ್‌ಗೆ ತೋರಿಸೋಣ ಅಂದರೆ ಗಾಡಿಯನ್ನು ಅಲ್ಲಿಗೆ ಓಡಿಸಿಕೊಂಡು ಹೋಗಬೇಕು. ಓಡಿಸಿಕೊಂಡು ಹೋದರೆ ಎಂಜಿನ್ ಬಿಸಿಯಾಗುತ್ತದೆ. ಬಿಸಿಯಾದರೆ ಕಾಯಿಲೆ ಮಾಯ. ಅವರು ಕೀ ತಿರುಗಿಸುತ್ತಾರೆ, ಅದು ಮೊದಲ ಸುತ್ತಿಗೇ ಗುರ್ರ್ ಅನ್ನುತ್ತದೆ. ಮೇಷ್ಟ್ರು ಕಂಡ ಕೂಡಲೇ ಕೈಕಟ್ಟಿ ನಿಲ್ಲುವ ತುಂಟ ಹುಡುಗನ ಹಾಗೆ. "ಏನೂ ಇಲ್ವಲ್ಲ ಸಾರ್" ಅಂತ ಅವರು ನಮ್ಮನ್ನೇ ಅನುಮಾನದಿಂದ ನೋಡುತ್ತಾರೆ. ಗಾಡಿಯನ್ನು ರಾತ್ರಿ ಅಲ್ಲೇ ಬಿಟ್ಟು ಬರಬಹುದು, ಆದರೆ ಬೆಳಿಗ್ಗೆ ಆರಕ್ಕೆ ಬಂದು ತಣ್ಣನೆ ಎಂಜಿನ್ನಿಗೆ ಸೆಲ್ಫ್ ಹೊಡೆದು ನೋಡುವಷ್ಟು ಪುರುಸೊತ್ತು ಯಾರಿಗಿರುತ್ತದೆ? ಹಾಗಾಗಿ ನಾನೇ ಹುಡುಕಲು ಕೂತೆ.

ಕೂತ ಮೇಲೆ ಗೊತ್ತಾಗಿದ್ದು ಇನ್ನೊಂದು ಸಂಗತಿ. ನನಗೂ ದಿನಕ್ಕೆ ಸಿಗುವುದು ಒಂದೇ ಅವಕಾಶ. ಬೆಳಿಗ್ಗೆ ಒಂದು ಪರೀಕ್ಷೆ ಮಾಡಿದೆ, ಎಂಜಿನ್ ಹೊತ್ತಿಕೊಂಡಿತು ಅಂತಿಟ್ಟುಕೊಳ್ಳಿ. ಅಲ್ಲಿಗೆ ಸಾಕ್ಷಿ ಅಳಿಸಿಹೋಯಿತು. ಎರಡನೇ ಪ್ರಶ್ನೆ ಕೇಳಬೇಕಾದರೆ ಎಂಜಿನ್ ಪೂರ್ತಿ ತಣ್ಣಗಾಗಬೇಕು. ಅಷ್ಟು ದೊಡ್ಡ ಲೋಹದ ಮುದ್ದೆ ಒಳಗಿನ ನೀರು, ಆಯಿಲ್ ಎಲ್ಲದರ ಸಮೇತ ತಣ್ಣಗಾಗಲು ಒಂದು ರಾತ್ರಿಯೇ ಬೇಕು. ನಾಳೆ ಬೆಳಿಗ್ಗೆ ಏನು ಕೇಳಬೇಕು ಅಂತ ಇವತ್ತು ರಾತ್ರಿಯೇ ತೀರ್ಮಾನ ಮಾಡಿ ಮಲಗಬೇಕು. ನಾನು ಆತುರದ ಮನುಷ್ಯ. ನನಗೆ ಇದು ಶಿಕ್ಷೆಯ ಹಾಗೇ ಇತ್ತು.

ಚಳಿಗೂ ಎಂಜಿನ್ನಿಗೂ ಯಾಕೆ ಆಗಿಬರುವುದಿಲ್ಲ ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪೆಟ್ರೋಲ್ ಉರಿಯುವುದು ಆವಿಯಾದ ಮೇಲೆ. ಹನಿಯಾಗಿದ್ದಾಗ ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಬಿಸಿ ಎಂಜಿನ್ನಿನಲ್ಲಿ ಸುಮಾರು 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್, ತೂಕದ ಲೆಕ್ಕದಲ್ಲಿ, ಸೇರಿದರೆ ಚೆನ್ನಾಗಿ ಉರಿಯುತ್ತದೆ. ತಣ್ಣನೆ ಎಂಜಿನ್ನಿನಲ್ಲಿ ಹೋದ ಪೆಟ್ರೋಲಿನ ಬಹುಪಾಲು ಪೈಪಿನ ಗೋಡೆಗೇ ಹನಿಯಾಗಿ ಅಂಟಿಕೊಂಡು ಕೂರುತ್ತದೆ. ಆವಿಯಾಗುವುದು ಸ್ವಲ್ಪವೇ. ಅದಕ್ಕೇ ಚೋಕ್ ಎಳೆಯುವುದು. ಚೋಕ್ ಎಳೆದರೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಬಾಯಿಗೆ ಒಂದು ತಗಡಿನ ಮುಚ್ಚಳ ಅಡ್ಡ ಬರುತ್ತದೆ, ಗಾಳಿ ಕಡಿಮೆಯಾಗುತ್ತದೆ, ಎಂಜಿನ್ನಿನ ಎಳೆತಕ್ಕೆ ಪೆಟ್ರೋಲ್ ಜಾಸ್ತಿ ಬರುತ್ತದೆ. ಬೇಕಾದ್ದಕ್ಕಿಂತ ಹಲವು ಪಟ್ಟು ಜಾಸ್ತಿ ಸುರಿದು, ಅದರಲ್ಲಿ ಆವಿಯಾದಷ್ಟು ಆಗಲಿ ಅನ್ನುವ ಲೆಕ್ಕ. ಸ್ವಲ್ಪ ಒರಟು ಉಪಾಯವೇ, ಆದರೆ ಕೆಲಸ ಮಾಡುತ್ತದೆ.

ಜೊತೆಗೆ ಚಳಿಗೆ ಆಯಿಲ್ ಗಟ್ಟಿಯಾಗುತ್ತದೆ, ಎಂಜಿನ್ ತಿರುಗಿಸಲು ಜಾಸ್ತಿ ಬಲ ಬೇಕು. ಅದೇ ಹೊತ್ತಿಗೆ ಬ್ಯಾಟರಿಯ ಶಕ್ತಿ ಕುಗ್ಗಿರುತ್ತದೆ. ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿ ತನ್ನ ಶಕ್ತಿಯ ಸುಮಾರು ಐದರಲ್ಲಿ ನಾಲ್ಕು ಭಾಗದಷ್ಟನ್ನೇ ಕೊಡುತ್ತದೆ. ಖರ್ಚು ಏರುವ ಹೊತ್ತಿಗೇ ಸಂಬಳ ಕಟ್ ಆದ ಹಾಗೆ. ಪೆಟ್ರೋಲ್ ಹೊತ್ತಿಸುವ ಪ್ಲಗ್ಗಿನ ತುದಿ ತಣ್ಣಗಿದ್ದರೆ ಕಿಡಿ ಹಾರಲು ಕೂಡ ಹೆಚ್ಚು ವೋಲ್ಟೇಜ್ ಬೇಕು. ಹೀಗೆ ನಾಲ್ಕು ಕಡೆಯಿಂದ ಒಟ್ಟಿಗೆ ಒತ್ತಡ ಬೀಳುತ್ತದೆ. ಬೇಸಿಗೆಯಲ್ಲಿ ಮುಚ್ಚಿಹೋಗಿರುವ ಸಣ್ಣ ದೋಷ ಚಳಿಗಾಲದಲ್ಲಿ ತಲೆ ಎತ್ತುವುದು ಹೀಗೆ.

ಮೊದಲ ವಾರ ನಾನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಸುಮ್ನೆ ತಳ್ಳಿಸಿದೆ. ಅಕ್ಕಪಕ್ಕದವರು ಇಬ್ಬರು ಬಂದು ಹಿಂದಿನಿಂದ ತಳ್ಳಿದರು, ನಾನು ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ಹತ್ತು ಹೆಜ್ಜೆಯೊಳಗೆ ಸ್ಟಾರ್ಟ್! ಮಾರನೇ ದಿನವೂ ಅಷ್ಟೇ. ಸೆಲ್ಫಿಗೆ ಜಗ್ಗದ ಗಾಡಿ ತಳ್ಳಿದರೆ ತಕ್ಷಣ ಹೊತ್ತಿಕೊಳ್ಳುತ್ತಿತ್ತು. ತಳ್ಳಿದವರು, ನೋಡುತ್ತ ನಿಂತವರು, ಫೋನಿನಲ್ಲಿ ಕೇಳಿದವರು ಎಲ್ಲರದ್ದೂ ಒಂದೇ ತೀರ್ಪು: "ಬ್ಯಾಟರಿ ಹೋಗಿದೆ." ನನಗೂ ಹಾಗೇ ಅನ್ನಿಸಿತು. ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಅಂದರೆ ಸೆಲ್ಫಿನ ಕಡೆಯೇ ದೋಷ ಇರಬೇಕು ಅಲ್ವಾ? ಎಂಜಿನ್ ಚುರುಕಾಗಿ ತಿರುಗುತ್ತಿದೆಯಲ್ಲ, ಬ್ಯಾಟರಿ ಹೋಗಿದ್ದರೆ ಅದು ಹೇಗೆ ತಿರುಗೀತು ಅನ್ನುವ ಸಣ್ಣ ಅನುಮಾನ ಒಂದು ಕ್ಷಣ ಬಂತು. ಬಂದಷ್ಟೇ ಬೇಗ ಹೋಯಿತು.

ಹೊಸ ಬ್ಯಾಟರಿ ತಂದು ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಆ ಕೆಲಸ. ತಮಾಷೆ ಏನೆಂದರೆ, ಎಮ್ಮೆಗೆ ಬರೆ ಎಳೆದ ಮೇಲೆ ಎತ್ತಿನ ಜ್ವರ ಇಳಿಯಿತು. ಮರುದಿನ ಬೆಳಿಗ್ಗೆ ಗಾಡಿ ಎರಡನೇ ಪ್ರಯತ್ನಕ್ಕೇ ಸ್ಟಾರ್ಟ್ ಆಯಿತು. ಹತ್ತು ಹನ್ನೆರಡು ದಿನ ಹಾಗೇ ನಡೆಯಿತು. ನಾನು ಬ್ಯಾಟರಿಯ ಬಗ್ಗೆ ಸಿಕ್ಕಿದವರಿಗೆಲ್ಲ ಉಪದೇಶ ಕೊಡುವ ಮಟ್ಟಕ್ಕೆ ಬಂದಿದ್ದೆ. ಆಮೇಲೆ ಚಳಿ ಇನ್ನಷ್ಟು ಏರಿತು. ಜ್ವರ ವಾಪಸ್ ಬಂತು.

ಈ ಅರ್ಧ ವಾಸಿಯಾಗುವುದಿದೆಯಲ್ಲ, ಅದು ಬಹಳ ಕೆಟ್ಟದ್ದು. ಪೂರ್ತಿ ತಪ್ಪಾದ ರಿಪೇರಿಯಿಂದ ಅಷ್ಟು ನಷ್ಟವಿಲ್ಲ, ಅದು ಇಲ್ಲಿ ಏನೂ ಇಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಅರ್ಧ ಫಲ ಕೊಟ್ಟ ರಿಪೇರಿ ಮಾತ್ರ ವಾರಗಟ್ಟಲೆ ದಾರಿ ತಪ್ಪಿಸುತ್ತದೆ. ಹೊಸ ಬ್ಯಾಟರಿಯಲ್ಲೇ ದೋಷ ಇರಬಹುದಾ ಅಂತ ಅದನ್ನೂ ಒಂದು ರಾತ್ರಿ ಚಾರ್ಜಿಗೆ ಹಾಕಿದ್ದೆ ನಾನು.

ಆಗ ಒಂದು ಸಣ್ಣ ನೋಟ್ ಪುಸ್ತಕ ಮತ್ತು ವೋಲ್ಟ್ ಅಳೆಯುವ ಮಲ್ಟಿಮೀಟರ್ ತೆಗೆದಿಟ್ಟುಕೊಂಡೆ. ದಿನಕ್ಕೊಂದು ಪುಟ. ಎಷ್ಟು ಡಿಗ್ರಿ ಇತ್ತು, ಏನು ಪರೀಕ್ಷೆ ಮಾಡಿದೆ, ಏನಾಯಿತು.

ಮೊದಲ ಬೆಳಿಗ್ಗೆ ಬ್ಯಾಟರಿಯ ವಿಚಾರಣೆ. ಮಾಡಬೇಕಾದ ಕೆಲಸವನ್ನು ದುಡ್ಡು ಕೊಟ್ಟ ಮೇಲೆ ಮಾಡಿದೆ, ಹೋಗಲಿ. ಸುಮ್ಮನೆ ನಿಂತಿದ್ದಾಗ 12.6 ವೋಲ್ಟ್, ಅಂದರೆ ಪೂರ್ತಿ ಚಾರ್ಜ್. 12.2ಕ್ಕೆ ಇಳಿದಿದ್ದರೆ ಸುಮಾರು ಅರ್ಧ ಖಾಲಿ ಅಂತ ಅರ್ಥ. ನಿಂತಾಗಿನ ಅಂಕಿಗಿಂತ ಮುಖ್ಯವಾದದ್ದು ಸೆಲ್ಫ್ ಹೊಡೆಯುವಾಗಿನ ಅಂಕಿ. ಅದು 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಅನುಮಾನಿಸಬೇಕು. ನನ್ನದು 10.1. ಕುತೂಹಲಕ್ಕೆ ಹಳೇ ಬ್ಯಾಟರಿಯನ್ನೂ ಜೋಡಿಸಿ ನೋಡಿದೆ. 9.8. ಪಾಪ, ಅದೂ ಚೆನ್ನಾಗಿಯೇ ಇತ್ತು! ಆಮೇಲೆ ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ ಲೋಹಕ್ಕೂ ಮೀಟರ್ ಹಿಡಿದು ಸೆಲ್ಫ್ ಹೊಡೆಸಿದೆ. ಅರ್ಥಿಂಗ್ ವೈರು ತುಕ್ಕು ಹಿಡಿದಿದ್ದರೆ ಇಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಿಸುತ್ತದೆ. ಕಾಣಿಸಿದ್ದು 0.2. ಇಲ್ಲೂ ಏನೂ ಇಲ್ಲ.

ಎರಡನೇ ಬೆಳಿಗ್ಗೆ ಪ್ಲಗ್. ಹತ್ತು ಸೆಕೆಂಡು ಸೆಲ್ಫ್ ಹೊಡೆದು, ಸ್ಟಾರ್ಟ್ ಆಗದೆ ಇದ್ದಾಗ, ಪ್ಲಗ್ ಬಿಚ್ಚಿ ನೋಡುವುದು ಹಳೇ ಕಾಲದ ಪರೀಕ್ಷೆ. ನನಗೆ ಇಂದಿಗೂ ಅದರ ಮೇಲೇ ಹೆಚ್ಚು ನಂಬಿಕೆ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ. ಆಗ ಹುಡುಕಬೇಕಾದ್ದು ಪಂಪು, ಫಿಲ್ಟರು, ಚೋಕಿನ ಕೇಬಲ್, ನಿಂತಲ್ಲೇ ಖಾಲಿಯಾಗುವ ಫ್ಲೋಟ್ ಚೇಂಬರ್ (ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಸಣ್ಣ ತೊಟ್ಟಿ). ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಲ್ಲ. ನನ್ನ ನಾಲ್ಕೂ ಪ್ಲಗ್ ಒದ್ದೆ. ಸಾಕ್ಷಿ ಸರಿಯಾಗಿಯೇ ನುಡಿಯಿತು, ತಪ್ಪು ಓದಿದ್ದು ನಾನು. ಪೆಟ್ರೋಲ್ ಓವರ್ ಆಗುತ್ತಿದೆ ಅಂದುಕೊಂಡೆ.

ಅದಕ್ಕೆ ಮೂರನೇ ಬೆಳಿಗ್ಗೆ ಚೋಕನ್ನು ಅರ್ಧಕ್ಕೆ ಎಳೆದು ನೋಡಿದೆ. ಇನ್ನೂ ಕೆಟ್ಟದಾಯಿತು. ಚೋಕೇ ಇಲ್ಲದೆ, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿದೆ. ಒಳಗೆ ಪೆಟ್ರೋಲ್ ನಿಜವಾಗಿ ಓವರ್ ಆಗಿದ್ದರೆ ಹೀಗೆ ಗಾಳಿ ಬಿಟ್ಟು ಒಣಗಿಸಿದಾಗ ಹೊತ್ತಿಕೊಳ್ಳಬೇಕಿತ್ತು. ಹೊತ್ತಲಿಲ್ಲ. ಒಂದು ದಿನ ದಂಡ. ಆದರೆ ನೋಟ್ ಪುಸ್ತಕದಲ್ಲಿ ಬರೆದಿಟ್ಟೆ.

ನಾಲ್ಕನೆಯದು ಕಿಡಿ. ಪ್ಲಗ್ ಬಿಚ್ಚಿ, ಅದರ ವೈರಿಗೇ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಎಂಜಿನ್ ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆಸುವುದು. ಇದನ್ನು ಮಾಡುವವರು ಎರಡು ವಿಷಯ ನೆನಪಿಟ್ಟುಕೊಳ್ಳಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಚಿಮ್ಮುತ್ತಿರುತ್ತದೆ, ಕಿಡಿ ಅದರ ಹತ್ತಿರ ಇರಬಾರದು. ಬರಿಗೈಯಲ್ಲಿ ಹಿಡಿಯಬಾರದು, ಆ ವೈರಿನಲ್ಲಿರುವುದು ಸಾವಿರಾರು ವೋಲ್ಟ್. ರಬ್ಬರ್ ಹಿಡಿಯ ಇಕ್ಕಳ ಇರಲಿ. ಕಿಡಿ ಬಂತು. ಸಣ್ಣಗೆ, ಹಳದಿ ಬಣ್ಣದಲ್ಲಿ. "ಕಿಡಿ ಇದೆ" ಅಂತ ಬರೆದು ಮುಂದೆ ಹೋದೆ.

ಈಗ ಆ ಪುಟ ನೋಡಿದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಕಿಡಿ ಇದೆಯಾ ಇಲ್ಲವಾ ಅನ್ನುವುದೊಂದೇ ಪ್ರಶ್ನೆಯಲ್ಲ, ಎಷ್ಟು ಗಟ್ಟಿ ಇದೆ ಅನ್ನುವುದೂ ಪ್ರಶ್ನೆ. ಬಯಲಿನಲ್ಲಿ ಹಾರುವ ಕಿಡಿಗೂ ಸಿಲಿಂಡರಿನ ಒಳಗೆ ಹಾರಬೇಕಾದ ಕಿಡಿಗೂ ತುಂಬಾ ವ್ಯತ್ಯಾಸ. ಒಳಗೆ ಗಾಳಿ ಒತ್ತಿಕೊಂಡಿರುತ್ತದೆ, ಒತ್ತಿದ ಗಾಳಿಯಲ್ಲಿ ಹಾರಲು ಕಿಡಿಗೆ ಹೆಚ್ಚು ಶಕ್ತಿ ಬೇಕು. ಹೊರಗೆ ಹಳದಿಯಾಗಿ ಮಿಣುಕುವ ಕಿಡಿ ಒಳಗೆ ಹೋಗಿ ಸತ್ತೇ ಹೋಗಬಹುದು. ಗಟ್ಟಿ ಕಿಡಿ ನೀಲಿ ಬಿಳುಪಾಗಿರುತ್ತದೆ, ಚಟ್ ಅಂತ ಸದ್ದು ಮಾಡುತ್ತದೆ. ನಾನು ಬಣ್ಣ ಬರೆದಿದ್ದೆ, ಅದರ ಅರ್ಥ ಯೋಚಿಸಿರಲಿಲ್ಲ.

ಆ ವಾರದಲ್ಲೇ ಒಂದು ರಾತ್ರಿ ಲೈಟೆಲ್ಲ ಆರಿಸಿ, ಬಾನೆಟ್ ಎತ್ತಿ, ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ಮಂಜು ಹೊಡೆದೆ. ವೈರಿನ ಹೊದಿಕೆ ಸೀಳಿದ್ದರೆ ಅಲ್ಲಿಂದ ಕರೆಂಟ್ ಸೋರಿ, ಕತ್ತಲಲ್ಲಿ ನೀಲಿ ಗೆರೆಗಳು ಮಿಂಚುತ್ತವೆ. ಹತ್ತು ನಿಮಿಷ ಕಣ್ಣು ಬಿಟ್ಟುಕೊಂಡು ನಿಂತೆ. ಒಂದು ಗೆರೆಯೂ ಇಲ್ಲ. ವೈರೂ ಒಳ್ಳೆಯದೇ, ಒಂದೊಂದು ಪ್ಲಗ್ಗಿಗೂ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪೂ ಒಳ್ಳೆಯದೇ. ಯಾರೂ ತಪ್ಪಿತಸ್ಥರಲ್ಲ, ಆದರೂ ಕಳ್ಳತನ ಆಗಿದೆ.

ಈ ನಡುವೆ ಸಲಹೆ ಕೊಟ್ಟವರಿಗೇನೂ ಕಡಿಮೆ ಇರಲಿಲ್ಲ. ಒಬ್ಬ ಗೆಳೆಯ ತನ್ನ ಕಾರಿಗೂ ಇದೇ ಆಗಿತ್ತು, ಟೆಂಪರೇಚರ್ ಸೆನ್ಸರ್ ಬದಲಿಸಿದ ಮೇಲೆ ಸರಿಹೋಯಿತು ಅಂದ. ಅವನದು ಇಂಜೆಕ್ಷನ್ ಗಾಡಿ, ಕಾರ್ಬುರೇಟರಿನ ಬದಲು ಕಂಪ್ಯೂಟರಿನ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವಂಥದ್ದು. ಅಂಥವುಗಳಲ್ಲಿ ಚೋಕ್ ಇರುವುದಿಲ್ಲ, ಎಂಜಿನ್ ನೀರಿನಲ್ಲಿ ಮುಳುಗಿರುವ ಒಂದು ಸಣ್ಣ ಸೆನ್ಸರ್ ಎಷ್ಟು ತಣ್ಣಗಿದೆ ಅಂತ ಕಂಪ್ಯೂಟರಿಗೆ ಹೇಳುತ್ತದೆ. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಜಾಸ್ತಿ, 20 ಡಿಗ್ರಿಯಲ್ಲಿ ಸಾಮಾನ್ಯವಾಗಿ 2000ದಿಂದ 3000 ಓಮ್. ಬಿಸಿಯಾದಾಗ ಕೆಲವು ನೂರು ಓಮಿಗೆ ಇಳಿಯುತ್ತದೆ. ಸೆನ್ಸರ್ ಕೆಟ್ಟು "ನಾನು ಬಿಸಿಯಾಗಿದ್ದೇನೆ" ಅಂತ ಸುಳ್ಳು ಹೇಳಿದರೆ ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಕಡಿಮೆ ಕೊಡುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬಿಸಿಯಾದ ಮೇಲೆ ಅದೇ ಸುಳ್ಳು ನಿಜವಾಗಿಬಿಡುತ್ತದೆ, ಗಾಡಿ ಚೆನ್ನಾಗಿ ಓಡುತ್ತದೆ! ಕೆಲವು ಇಂಜೆಕ್ಷನ್ ಗಾಡಿಗಳಲ್ಲಿ ರಾತ್ರಿ ಪೈಪಿನ ಒತ್ತಡ ಇಳಿದುಹೋಗಿರುತ್ತದೆ. ಸೆಲ್ಫ್ ಹೊಡೆಯದೆ ಕೀಯನ್ನು ಎರಡು ಮೂರು ಸಲ ಆನ್ ಮಾಡಿ ಆಫ್ ಮಾಡಿದರೆ ಪಂಪು ಒತ್ತಡ ತುಂಬುತ್ತದೆ, ಆಗ ಸ್ಟಾರ್ಟ್ ಆದರೆ ದೋಷ ಎಲ್ಲಿದೆ ಅಂತ ಅರ್ಧ ಗೊತ್ತಾದ ಹಾಗೆ. ಡೀಸೆಲ್ ಆದರೆ ಹೀಟರ್ ಪ್ಲಗ್ ಮೊದಲು ನೋಡಬೇಕು. ಇದೆಲ್ಲ ನಿಜವೇ. ನನ್ನ ಕಾರ್ಬುರೇಟರ್ ಗಾಡಿಯಲ್ಲಿ ಇವು ಯಾವುವೂ ಇಲ್ಲ.

ಕೊನೆಗೆ ದಾರಿ ತೋರಿಸಿದ್ದು ನನ್ನ ಹೆಂಡತಿ. ಅವಳಿಗೆ ಗಾಡಿಯ ಬಗ್ಗೆ ಆಸಕ್ತಿ ಇಲ್ಲ, ಅದರ ಬಗ್ಗೆ ನಾನು ಮಾತಾಡುವುದರ ಬಗ್ಗೆಯಂತೂ ಖಂಡಿತ ಇಲ್ಲ. ಒಂದು ಸಂಜೆ ಯಾರೋ ಬಂದಿದ್ದಾಗ ನನ್ನ ಬೆಳಗಿನ ಸರ್ಕಸ್ಸನ್ನು ಅಣಕಿಸಿ ತೋರಿಸುತ್ತಿದ್ದಳು. "ಬೆಳಿಗ್ಗೆ ಬೆಳಿಗ್ಗೆ ಇವರದ್ದು ಶುರು. ಕುಯ್ ಕುಯ್ ಕುಯ್ ಕುಯ್... ಫಟ್. ಆಮೇಲೆ ಬೈಗುಳ. ಮತ್ತೆ ಕುಯ್ ಕುಯ್ ಕುಯ್... ಫಟ್. ಮತ್ತೆ ಬೈಗುಳ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಗು ನಿಂತಿತು.

"ಆ ಫಟ್ ಯಾವಾಗಲೂ ಕೊನೇಲಿ ಬರುತ್ತಾ?"

"ಮತ್ತಿನ್ನೇನು? ನೀವು ಕೈ ಬಿಟ್ಟ ಮೇಲೇ ಅದು ಕೆಮ್ಮೋದು. ದಿನಾ ಒಳಗಿಂದ ಕೇಳಿಸ್ಕೊಳ್ಳೋಳು ನಾನು."

ಹೋಗಿ ನೋಟ್ ಪುಸ್ತಕ ತೆರೆದೆ. ಮೊದಲ ಪುಟದಲ್ಲೇ ಇತ್ತು: "ಕೀ ಬಿಟ್ಟಾಗ ಒಂದು ಸಲ ಢಬ್ ಅಂತು." ಮೂರನೇ ದಿನ: "ನಿಲ್ಲಿಸುವಾಗ ಹೊತ್ತಿಕೊಳ್ಳುವ ಹಾಗೆ ಮಾಡಿತು." ಐದನೇ ದಿನವೂ ಅಂಥದ್ದೇ ಒಂದು ಸಾಲು. ಮೂರು ಸಲ ನನ್ನ ಕೈಯಲ್ಲೇ ಬರೆದಿದ್ದೇನೆ, ಒಂದು ಸಲವೂ ಓದಿಲ್ಲ. ಕೀ ಹಿಡಿದವನ ಗಮನವೆಲ್ಲ ಕೀ ತಿರುಗಿಸಿದಾಗ ಏನಾಗುತ್ತದೆ ಅನ್ನುವುದರ ಮೇಲೆ. ಕೈ ಬಿಡುವ ಹೊತ್ತಿಗೆ ಅವನು ಸೋತು, ಬೈಯಲು ಬಾಯಿ ತೆರೆದಿರುತ್ತಾನೆ. ಗೋಡೆಯಾಚೆ ಇರುವವರಿಗೆ ಎರಡೂ ಒಂದೇ ಸಮ ಕೇಳಿಸುತ್ತದೆ.

ಸೆಲ್ಫ್ ಹೊಡೆಯುತ್ತಿರುವ ತನಕ ಹೊತ್ತುವುದಿಲ್ಲ, ಸೆಲ್ಫ್ ಬಿಟ್ಟ ಕ್ಷಣ, ಎಂಜಿನ್ ಇನ್ನೂ ಒಂದು ಸುತ್ತು ಉರುಳುತ್ತಿರುವಾಗ, ಹೊತ್ತುತ್ತದೆ. ತಳ್ಳಿದರೂ ಹೊತ್ತುತ್ತದೆ. ಎರಡರಲ್ಲೂ ಸಮಾನವಾದದ್ದು ಏನು? ಎಂಜಿನ್ ತಿರುಗುತ್ತಿದೆ, ಸೆಲ್ಫ್ ಓಡುತ್ತಿಲ್ಲ. ಅಂದರೆ ಸೆಲ್ಫ್ ಓಡುವಾಗ ಕಿಡಿಗೆ ಏನೋ ಸಿಗುತ್ತಿಲ್ಲ. "ತಳ್ಳಿದರೆ ಸ್ಟಾರ್ಟ್ ಆಗುತ್ತದೆ, ಬ್ಯಾಟರಿ ಹೋಗಿದೆ" ಅಂತ ನಾವೆಲ್ಲ ಓದಿದ್ದ ಸಾಲನ್ನು ಹೀಗೂ ಓದಬಹುದಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಾರುಗಳಿಗೆ ಸೆಲ್ಫ್ ಇಲ್ಲದ ಕಾಲದಲ್ಲಿ ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈಯ ಮೂಳೆ ಮುರಿಯುತ್ತಿತ್ತು. 1912ರ ಮಾಡೆಲ್ ಕ್ಯಾಡಿಲಾಕ್ ಕಾರುಗಳಲ್ಲಿ ವಿದ್ಯುತ್ ಸೆಲ್ಫ್ ಬಂತು. ಅದನ್ನು ರೂಪಿಸಿದವರು ಚಾರ್ಲ್ಸ್ ಕೆಟರಿಂಗ್ ಅನ್ನುವ ಅಮೆರಿಕದ ಎಂಜಿನಿಯರ್. ಬ್ಯಾಟರಿ, ಅದರ ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸುವ ಕಾಯಿಲ್, ಕಾಯಿಲಿನ ಕರೆಂಟನ್ನು ಕೊಟ್ಟು ಕಡಿಯುವ ಸಣ್ಣ ಸ್ವಿಚ್ಚಾದ ಪಾಯಿಂಟ್, ಇಷ್ಟನ್ನಿಟ್ಟುಕೊಂಡು ಕಿಡಿ ಹಾರಿಸುವ ಏರ್ಪಾಟನ್ನು ಅದಕ್ಕೂ ಸ್ವಲ್ಪ ಮೊದಲು ಕಾರಿಗೆ ತಂದವರೂ ಅವರೇ. ನನ್ನ ಗಾಡಿಯಲ್ಲಿರುವುದು ಅದೇ ಏರ್ಪಾಟು, ಹೆಚ್ಚೇನೂ ಬದಲಾಗಿಲ್ಲ. ಒಬ್ಬರೇ ಮಾಡಿದ ಈ ಎರಡು ವಸ್ತುಗಳಿಗೆ ಒಂದೇ ಬ್ಯಾಟರಿ ಗತಿ. ಒಂದೇ ಬಾವಿಯಲ್ಲಿ ನೀರು ಸೇದುವ ಇಬ್ಬರ ಹಾಗೆ. ಸೆಲ್ಫ್ ಎಳೆಯುವುದು ನೂರಕ್ಕೂ ಹೆಚ್ಚು ಆಂಪಿಯರ್, ಕಾಯಿಲಿಗೆ ಬೇಕಾದ್ದು ನಾಲ್ಕೋ ಐದೋ. ದೊಡ್ಡ ಕೊಡದವನು ಸೇದುವಾಗ ಬಾವಿಯ ಮಟ್ಟವೇ ಇಳಿಯುತ್ತದೆ, ಸಣ್ಣ ತಂಬಿಗೆಯವನಿಗೆ ತಳದ ಕೆಸರು.

ಈ ಜಗಳ ಬಿಡಿಸಲು ಆಮೇಲಿನವರು ಒಂದು ಜಾಣ ಉಪಾಯ ಮಾಡಿದರು. ಕಾಯಿಲನ್ನು ಕಡಿಮೆ ವೋಲ್ಟೇಜಿಗೇ ಸಾಕಾಗುವ ಹಾಗೆ ಮಾಡಿದರು. ಗಾಡಿ ಓಡುವಾಗ ಬ್ಯಾಟರಿಯಿಂದ ಬರುವ ಪೂರ್ತಿ ವೋಲ್ಟೇಜ್ ಅದಕ್ಕೆ ಜಾಸ್ತಿಯಾಗುತ್ತದೆ, ಕಾಯಿಲ್ ಸುಟ್ಟುಹೋಗುತ್ತದೆ. ಅದಕ್ಕೆ ದಾರಿಯಲ್ಲಿ ಒಂದು ತಡೆ ಇಟ್ಟರು, ಬ್ಯಾಲಸ್ಟ್ ರೆಸಿಸ್ಟರ್. ವೋಲ್ಟೇಜಿನ ಸುಮಾರು ಅರ್ಧವನ್ನು ಅದೇ ನುಂಗಿಕೊಳ್ಳುತ್ತದೆ. ಆದರೆ ಸೆಲ್ಫ್ ಹೊಡೆಯುವಾಗ ಮಾತ್ರ ಆ ತಡೆಯನ್ನು ದಾಟಿ, ಸೊಲೆನಾಯ್ಡಿನಿಂದ (ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಬೇರೊಂದು ಸಣ್ಣ ವೈರು ನೇರವಾಗಿ ಕಾಯಿಲಿಗೆ ಬರುತ್ತದೆ. ಬಾವಿಯ ಮಟ್ಟ ಇಳಿದಾಗಲೂ ಕಾಯಿಲಿಗೆ ಸಿಗಬೇಕಾದ್ದು ಸಿಗಲಿ ಅಂತ. ಕೀ ಬಿಟ್ಟ ಕೂಡಲೇ ಆ ಬಳಸುದಾರಿ ಮುಚ್ಚುತ್ತದೆ.

ಎಲ್ಲ ಹಳೇ ಗಾಡಿಗಳಲ್ಲೂ ಇದು ಇರುವುದಿಲ್ಲ. ನನ್ನದರಲ್ಲಿ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕೆಲವು ಗಾಡಿಗಳಲ್ಲಿ ಅದು ಬಿಳಿ ಪಿಂಗಾಣಿಯ ತುಂಡಿನ ಹಾಗೆ ಕಣ್ಣಿಗೆ ಕಾಣುತ್ತದೆ. ನನ್ನದರಲ್ಲಿ ಅದು ಬರೀ ಒಂದು ವೈರು. ಮಾಮೂಲಿ ವೈರಿನ ಹಾಗೇ ಕಾಣುವ, ಒಳಗೆ ತಡೆ ಇರುವ ತಂತಿ. ಉಳಿದ ವೈರುಗಳ ಕಟ್ಟಿನೊಳಗೆ ಸೇರಿಕೊಂಡಿತ್ತು. ವೈರಿಂಗ್ ಚಿತ್ರ ನೋಡಿದಾಗಲೇ ತಿಳಿದದ್ದು.

ಈಗ ನಾಳೆ ಬೆಳಗಿನ ಪ್ರಶ್ನೆ ಗೊತ್ತಿತ್ತು: ಸೆಲ್ಫ್ ಹೊಡೆಯುವಾಗ ಕಾಯಿಲಿಗೆ ಎಷ್ಟು ವೋಲ್ಟ್ ಬರುತ್ತಿದೆ? ಪಾಯಿಂಟ್ ತೆರೆದು ಮುಚ್ಚುತ್ತಿದ್ದರೆ ಮೀಟರಿನ ಅಂಕಿ ಕುಣಿಯುತ್ತದೆ, ಓದಲಾಗುವುದಿಲ್ಲ. ಅದಕ್ಕೆ ಕಾಯಿಲಿನ ನೆಗೆಟಿವ್ ತುದಿಯನ್ನು ಒಂದು ತುಂಡು ವೈರಿನಿಂದ ಎಂಜಿನ್ ಲೋಹಕ್ಕೆ ಸೇರಿಸಬೇಕು. ಆಗ ಅಂಕಿ ನಿಲ್ಲುತ್ತದೆ. ಹೀಗೆ ಮಾಡಿದರೆ ಕಿಡಿಯೇ ಹಾರುವುದಿಲ್ಲ, ಎಂಜಿನ್ ಹೊತ್ತುವ ಮಾತೇ ಇಲ್ಲ. ಇದು ಹೊಳೆದಾಗ ಎದ್ದು ಕೂತೆ. ಹೊತ್ತದಿದ್ದರೆ ಬಿಸಿಯಾಗುವುದಿಲ್ಲ. ಬಿಸಿಯಾಗದಿದ್ದರೆ ಸಾಕ್ಷಿ ಅಳಿಸುವುದಿಲ್ಲ. ಒಂದೇ ಬೆಳಿಗ್ಗೆ ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು! ಮೂರು ವಾರ ದಿನಕ್ಕೊಂದು ಅಂತ ಲೆಕ್ಕ ಹಾಕಿಕೊಂಡು ಕೂತವನಿಗೆ ಇದು ಮೊದಲೇ ಹೊಳೆಯಬಾರದಿತ್ತಾ? ಮೀಟರಿನಿಂದ ಅಳೆಯುವ ಪರೀಕ್ಷೆಗಳಿಗೆಲ್ಲ ಎಂಜಿನ್ ಹೊತ್ತಬೇಕು ಅಂತೇನೂ ಇರಲಿಲ್ಲ.

ಬೆಳಿಗ್ಗೆ 8 ಡಿಗ್ರಿ. ಹೆಂಡತಿಯನ್ನು ಎಬ್ಬಿಸಿ ಕೀ ಹಿಡಿಸಿದೆ. ಬರೀ ಕೀ ಆನ್: ಬ್ಯಾಟರಿ 12.4, ಕಾಯಿಲಿನ ಪಾಸಿಟಿವ್ ತುದಿಯಲ್ಲಿ 6.2. ಬ್ಯಾಲಸ್ಟ್ ತನ್ನ ಕೆಲಸ ಮಾಡುತ್ತಿದೆ. ಸೆಲ್ಫ್ ಹೊಡೆದಾಗ: ಬ್ಯಾಟರಿ 10.1. ಬಳಸುದಾರಿ ಇದ್ದಿದ್ದರೆ ಕಾಯಿಲಿನಲ್ಲೂ ಹತ್ತರ ಆಸುಪಾಸು ಇರಬೇಕು. ಇದ್ದದ್ದು 5. ಇನ್ನೊಂದು ಸಲ ಹೊಡೆಸಿದೆ. 5. ಮೂರನೇ ಸಲ ಕೇಳಿದಾಗ "ಐದೇ ಇರುತ್ತೆ, ಬಿಡಿ" ಅಂದಳು.

ಕಾಯಿಲಿನಲ್ಲಿ ಕೂಡಿಕೊಳ್ಳುವ ಶಕ್ತಿ ಕರೆಂಟಿನ ವರ್ಗಕ್ಕೆ ಸರಿಯಾಗಿ ಏರುತ್ತದೆ, ಇಳಿಯುತ್ತದೆ. ಹತ್ತು ವೋಲ್ಟಿನ ಬದಲು ಐದು ಸಿಕ್ಕರೆ ಕರೆಂಟ್ ಅರ್ಧವಾಗುತ್ತದೆ, ಆದರೆ ಕಿಡಿಯ ಶಕ್ತಿ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಕೀ ಬಿಟ್ಟ ಕ್ಷಣ ಐದು ಹೋಗಿ 6.2 ಆಗುತ್ತದೆ, ಕಿಡಿಯ ಶಕ್ತಿ ಒಂದೂವರೆ ಪಟ್ಟು. ಫಟ್ ಅಂದದ್ದು ಅದು. ತಳ್ಳಿದಾಗಲೂ ಅದೇ 6.2. ಹೊಸ ಬ್ಯಾಟರಿ ಕೆಲವು ದಿನ ಯಾಕೆ ಕೆಲಸ ಮಾಡಿತು ಅನ್ನುವುದೂ ಬಿಡಿಸಿಕೊಂಡಿತು. ಸೆಲ್ಫ್ ಎಳೆಯುವಾಗ ಅದು ಹಳೆಯದಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತಿತ್ತು. ಕಿಡಿಗೆ ಅಷ್ಟೇ ಚೂರು ಜಾಸ್ತಿ ಸಿಕ್ಕಿ, ಆಗಿನ ಚಳಿಗೆ ಸಾಕಾಗುತ್ತಿತ್ತು. ಚಳಿ ಏರಿದ ಮೇಲೆ ಸಾಲಲಿಲ್ಲ. ಮಧ್ಯಾಹ್ನ ಬಿಸಿ ಎಂಜಿನ್ನಿಗೆ ಬಡಕಲು ಕಿಡಿಯೂ ಸಾಕು. ಒದ್ದೆ ಪ್ಲಗ್, ಹಳದಿ ಕಿಡಿ, ಎಲ್ಲ ಪುಟಗಳೂ ಒಂದೇ ಮಾತು ಹೇಳುತ್ತಿದ್ದವು.

ಗಾಡಿಯನ್ನು ಜಾಕಿನಲ್ಲಿ ಎತ್ತಿ, ಕೆಳಗೆ ಭದ್ರವಾಗಿ ಸ್ಟ್ಯಾಂಡ್ ಕೊಟ್ಟು, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಅಡಿಗೆ ತೂರಿದೆ. ಸೊಲೆನಾಯ್ಡಿನ ಹತ್ತಿರ ದೊಡ್ಡ ಕೇಬಲ್ಲಿನ ಹಿಂದೆ ಆ ಸಣ್ಣ ವೈರು ಇತ್ತು. ಅದರ ತಗಡಿನ ಕ್ಲಿಪ್ಪು ಸೊಲೆನಾಯ್ಡಿಗೆ ಸರಿಯಾಗಿಯೇ ಸಿಕ್ಕಿಕೊಂಡಿತ್ತು. ಮೇಲಿನಿಂದ ಟಾರ್ಚ್ ಹಾಕಿ ನೋಡಿದವರಿಗೆ ಎಲ್ಲ ಸರಿಯಾಗಿದೆ ಅಂತಲೇ ಕಾಣುತ್ತದೆ. ಬೆರಳಲ್ಲಿ ಮುಟ್ಟಿದೆ, ವೈರು ಕ್ಲಿಪ್ಪಿನಿಂದ ಕಳಚಿ ಕೈಗೇ ಬಂತು. ಎಳೆಗಳು ಕ್ಲಿಪ್ಪಿನ ಬುಡದಲ್ಲೇ ತುಂಡಾಗಿದ್ದವು, ಪ್ಲಾಸ್ಟಿಕ್ ಹೊದಿಕೆ ಮಾತ್ರ ಹಿಡಿದುಕೊಂಡಿತ್ತು. ತಾಮ್ರ ಹಸಿರಾಗಿತ್ತು. ಇವತ್ತು ನಿನ್ನೆಯದಲ್ಲ, ತಿಂಗಳುಗಳ ಹಿಂದಿನ ಗಾಯ.

ಬೇಸಿಗೆಯಲ್ಲಿ ಸೆಲ್ಫ್ ಮೋಟಾರಿನ ಬ್ರಷ್ ಬದಲಿಸಲು ಅದನ್ನು ಕಳಚಿದ್ದು ಬೇರೆ ಯಾರೂ ಅಲ್ಲ, ನಾನೇ. ವೈರುಗಳನ್ನು ಬಿಚ್ಚುವಾಗ ಕ್ಲಿಪ್ಪು ಹಿಡಿದು ಎಳೆಯಬೇಕು, ವೈರು ಹಿಡಿದು ಎಳೆಯಬಾರದು. ಇದು ನನಗೆ ಗೊತ್ತು. ಆ ದಿನ ಏನು ಹಿಡಿದು ಎಳೆದೆ ಅಂತ ನೆನಪಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಗಾಡಿಯ ಅಡಿಯಲ್ಲಿ ಮಲಗಿದ್ದಾಗಲೇ ಒಂದು ಸಲ ನನ್ನ ಬೆರಳುಗಳನ್ನು ನೋಡಿಕೊಂಡೆ. ಬೇಸಿಗೆಯಿಡೀ ಗಾಡಿ ಚೆನ್ನಾಗಿ ಓಡಿತು. ಬ್ರಷ್ ಬದಲಿಸಿದ ಹೆಮ್ಮೆಯೂ ನನ್ನ ಬಳಿ ಚೆನ್ನಾಗಿಯೇ ಉಳಿದಿತ್ತು.

ಹೊಸ ಕ್ಲಿಪ್ಪು, ಒಂದು ಗೇಣು ಹೊಸ ವೈರು. ಕೆಲಸ ಇಪ್ಪತ್ತು ನಿಮಿಷದ್ದು. ಸಂಜೆಯೇ ಸ್ಟಾರ್ಟ್ ಮಾಡಿ ನೋಡಬಹುದಿತ್ತು, ಎಂಜಿನ್ ಬೆಳಿಗ್ಗೆಯಿಂದ ತಣ್ಣಗೇ ಇತ್ತಲ್ಲ. ಮಾಡಲಿಲ್ಲ. ಸಂಜೆಯ ತಂಪು ಬೇರೆ, ಬೆಳಗಿನ ಚಳಿ ಬೇರೆ.

ಮಾರನೇ ಬೆಳಿಗ್ಗೆ 6 ಡಿಗ್ರಿ. ಚೋಕ್ ಪೂರ್ತಿ ಎಳೆದೆ. ಎರಡು ಸುತ್ತು ತಿರುಗಿತು, ಮೂರನೆಯದಕ್ಕೆ ಹೊತ್ತಿಕೊಂಡಿತು. ಕೈ ಇನ್ನೂ ಕೀಯ ಮೇಲೇ ಇತ್ತು. ಚೋಕನ್ನು ಒಂದಿಷ್ಟೇ ಒಳಗೆ ತಳ್ಳಿ, ಬಾಗಿಲು ತೆರೆದಿಟ್ಟುಕೊಂಡೇ ಸ್ವಲ್ಪ ಹೊತ್ತು ಕೂತೆ. ಒಳಗಿನಿಂದ ಹೆಂಡತಿ ಕಿಟಕಿ ತೆರೆದು ಇಣುಕಿದಳು.

"ಏನಾಯ್ತು? ಫಟ್ ಕೇಳಿಸಲೇ ಇಲ್ಲ?"

"ಇನ್ನು ಕೇಳಿಸಲ್ಲ."

"ಹಾಗಾದ್ರೆ ಆ ಹಳೇ ಬ್ಯಾಟರಿನ ಬಾಗಿಲ ಹಿಂದಿನಿಂದ ತೆಗೀರಿ. ಎರಡು ಸಲ ಎಡವಿದೀನಿ" ಅಂದು ಕಿಟಕಿ ಹಾಕಿಕೊಂಡಳು.